ಐ7 ಇದ್ದರೆ ಸಾಕೇ? ಗೇಮಿಂಗ್ ಪಿಸಿ ಕೊಳ್ಳುವ ಮುನ್ನ ಓದಿ

“ಐ7 ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಎಲ್ಲಾ ಗೇಮ್ ಸಲೀಸಾಗಿ ಓಡುತ್ತೆ!” ಹಳೆಯ ಕಂಪ್ಯೂಟರ್ ಮಾರುವ ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಇದನ್ನು ನಂಬಿ ದುಡ್ಡು ಕೊಡಬಹುದೇ? ಬನ್ನಿ, ನೋಡೋಣ.

ಯಾರ ಕೆಲಸ ಏನು?

ದರ್ಶಿನಿಯ ಟೋಕನ್ ಕೌಂಟರ್ ಮತ್ತು ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ. ಕಾವಲಿ ಚಿಕ್ಕದಿದ್ದರೆ ಟೋಕನ್ ಎಷ್ಟು ಬೇಗ ಹರಿದುಕೊಟ್ಟರೂ ದೋಸೆ ಬೇಗ ಬರುವುದಿಲ್ಲ. ಗೇಮ್‌ನಲ್ಲೂ ಹೀಗೆಯೇ. ಪ್ರತಿ ಚಿತ್ರದಲ್ಲಿ ಯಾರು ಎಲ್ಲಿದ್ದಾರೆ, ಏನಾಗಬೇಕು ಎಂದು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಆ ಚಿತ್ರವನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್.

ಒಂದು ಚಿತ್ರಕ್ಕೆ ಪ್ರೊಸೆಸರ್ 8 ಮಿಲಿಸೆಕೆಂಡ್, ಕಾರ್ಡ್ 25 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ ಸಿಗುವುದು ಸುಮಾರು 40 ಚಿತ್ರ. ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೂ ಅಷ್ಟೇ! ನಿಧಾನವಾಗಿರುವ ಭಾಗವೇ ವೇಗವನ್ನು ನಿರ್ಧರಿಸುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ

2013ರ ಐ7-4770ಗಿಂತ 2022ರ ಐ3-12100 ಗೇಮ್‌ಗಳಲ್ಲಿ ವೇಗವಾಗಿದೆ. ಎರಡರಲ್ಲೂ ಇರುವುದು 4 ಕೋರ್‌ಗಳೇ, ಆದರೆ ತಲೆಮಾರು ಬೇರೆ. ಹಾಗೆಯೇ ಜಿಟಿ 730 ಕಾರ್ಡ್ 4 ಜಿಬಿಯಲ್ಲಿ ಸಿಗುತ್ತದೆ, ಜಿಟಿಎಕ್ಸ್ 1650 ಕೂಡ 4 ಜಿಬಿಯದ್ದೇ. ಎರಡನೆಯದು ಹಲವು ಪಟ್ಟು ವೇಗದ್ದು. ಕಾರ್ಡ್‌ನ ಮೆಮೊರಿ ಎಷ್ಟಿದೆ ಎಂಬುದೊಂದೇ ಅದರ ವೇಗವನ್ನು ಹೇಳುವುದಿಲ್ಲ.

ಮಾನಿಟರ್ ಕೂಡ ಮುಖ್ಯ

1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿದ್ದರೆ, 4ಕೆ ಪರದೆಯಲ್ಲಿ 83 ಲಕ್ಷ. ಪಿಕ್ಸೆಲ್ ಹೆಚ್ಚಿದಂತೆ ಹೊರೆ ಬೀಳುವುದು ಮುಖ್ಯವಾಗಿ ಕಾರ್ಡ್ ಮೇಲೆ, ಪ್ರೊಸೆಸರ್ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ “ಈ ಜೋಡಿಯಲ್ಲಿ ಇಷ್ಟು ಶೇಕಡಾ ಬಾಟಲ್‌ನೆಕ್” ಎಂದು ಒಂದೇ ಅಂಕಿ ತೋರಿಸುವ ಆನ್‌ಲೈನ್ ಲೆಕ್ಕಗಳನ್ನು ನಂಬಬೇಡಿ. ಗೇಮ್, ಸೆಟ್ಟಿಂಗ್, ಪರದೆ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ.

ನಾವು ಏನು ಮಾಡಬೇಕು?

* ಮೊದಲು ಮಾನಿಟರ್ ಮತ್ತು ಆಡುವ ಗೇಮ್ ನಿರ್ಧರಿಸಿ. ಅದಕ್ಕೆ ತಕ್ಕ ಕಾರ್ಡ್ ಆರಿಸಿ, ಆಮೇಲೆ ಪ್ರೊಸೆಸರ್.
* 1080ಪಿಗೆ ಐ5-12400ಎಫ್ ಜೊತೆ ಆರ್‌ಟಿಎಕ್ಸ್ 4060 ಒಳ್ಳೆಯ ಜೋಡಿ. ಐ9 ಕೊಂಡು, ಉಳಿದ ಹಣದಲ್ಲಿ ಜಿಟಿಎಕ್ಸ್ 1650 ಹಾಕಿಸುವುದು ದುಡ್ಡು ದಂಡ.
* ಇಂಟೆಲ್ ಮಾದರಿಯ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಬೇಕೇ ಬೇಕು.
* ಈಗಾಗಲೇ ಪಿಸಿ ಇದೆಯೇ? ಫ್ರೇಮ್ ಮಿತಿ ತೆಗೆದು ಗೇಮ್ ಓಡಿಸಿ, ಟಾಸ್ಕ್ ಮ್ಯಾನೇಜರ್ ನೋಡಿ. ಜಿಪಿಯು ಬಳಕೆ ಶೇ. 95 ದಾಟಿದ್ದರೆ ಕಾರ್ಡೇ ಮಿತಿ. ಅದು ಕಡಿಮೆ ಇದ್ದೂ ಗೇಮ್ ತಡವರಿಸಿದರೆ ಸಾಮಾನ್ಯವಾಗಿ ಪ್ರೊಸೆಸರ್ ಕಾರಣ. ಆಗ ಒಟ್ಟು ಸಿಪಿಯು ಬಳಕೆ ಶೇ. 40 ಎಂದು ತೋರಿಸಬಹುದು, ಏಕೆಂದರೆ ಒಂದೆರಡು ಕೋರ್ ಮಾತ್ರ ಪೂರ್ತಿ ದುಡಿಯುತ್ತಿರುತ್ತವೆ.

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ, ಇಲ್ಲವೇ ಆನ್‌ಲೈನ್‌ನಲ್ಲಿ ಕೊಳ್ಳಿ. ಪ್ರೊಸೆಸರ್ ಮತ್ತು ಕಾರ್ಡ್‌ನ ಪೂರ್ತಿ ಮಾದರಿ ಸಂಖ್ಯೆ ಕೇಳದೆ ಮುಂಗಡ ಕೊಡಬೇಡಿ. ಆ ಸಂಖ್ಯೆ ಇಲ್ಲದ ಸಂದೇಶವನ್ನು ಫಾರ್ವರ್ಡ್ ಮಾಡಲೂಬೇಡಿ.