ಮೈಗೊಪ್ಪುವ ಅಂಗಡಿ: ಸೈಜ್ ನಂಬರು ಹುಟ್ಟಿದ ಕತೆ

ಒಂದೇ ಸಂಜೆ, ಒಂದೇ ಬೀದಿ, ಮೂರು ಅಂಗಡಿ. ಮೊದಲನೆಯದರಲ್ಲಿ ಎಂ ಸೈಜಿನ ಕುರ್ತಿ ಹೇಳಿ ಹೊಲಿಸಿದ ಹಾಗೆ ಕೂರುತ್ತದೆ. ಎರಡನೆಯದರಲ್ಲಿ ಎಲ್ ಹಾಕಿಕೊಂಡರೂ ಕಂಕುಳಲ್ಲಿ ಹಿಡಿಯುತ್ತದೆ. ಮೂರನೆಯದರಲ್ಲಿ ಎಕ್ಸ್‌ಎಲ್ ಎದೆಗೆ ಸರಿ, ಭುಜ ಮಾತ್ರ ಜಾರಿ ತೋಳಿಗಿಳಿಯುತ್ತದೆ. ಮೂರು ಕಡೆಯೂ ತೊಟ್ಟು ನೋಡಿದವಳು ಒಬ್ಬಳೇ. ಟ್ರಯಲ್ ರೂಮಿನಿಂದ ಹೊರಬರುವಾಗ ನಮ್ಮಲ್ಲಿ ಹೆಚ್ಚಿನವರು ದೂರುವುದು ಮಾತ್ರ ತಮ್ಮ ಮೈಯನ್ನೇ. "ನಾನೇ ದಪ್ಪ ಆಗಿದೀನಿ ಕಣೇ" ಎಂಬ ಮಾತು ಬಟ್ಟೆ ಅಂಗಡಿಗಳಲ್ಲಿ ದಿನವೂ ಕೇಳಿಬರುತ್ತದೆ.

ಆ ಮಾತು ಕೇಳಿದಾಗಲೆಲ್ಲ ನನಗೆ ಈ ಕತೆ ಹೇಳಬೇಕೆನಿಸುತ್ತದೆ. ನಿತ್ಯದ ಬಟ್ಟೆಗೆ ಮೆಚ್ಚಿನ ಅಂಗಡಿ ಕೆಲವರಿಗೆ ಬೇಗ ಸಿಗುತ್ತದೆ, ಕೆಲವರು ವರ್ಷಗಟ್ಟಲೆ ಅಲೆಯುತ್ತಾರೆ. ಇದಕ್ಕೆ ದೊಡ್ಡ ಕಾರಣ ಕುತ್ತಿಗೆಯ ಹಿಂದಿನ ಆ ಪುಟ್ಟ ಲೇಬಲ್ಲಿನಲ್ಲಿದೆ. ಅದರ ಮೇಲಿನ ಅಳತೆಯನ್ನು ಯಾರೋ, ಎಲ್ಲೋ, ಯಾರದೋ ಮೈಯಿಂದ ಕಂಡುಹಿಡಿದರು. ಅದು ಹೇಗಾಯಿತೆಂದು ತಿಳಿದರೆ ಅಂಗಡಿ ಹುಡುಕುವ ದಾರಿಯೂ ತಿಳಿಯುತ್ತದೆ.

ಅಳತೆ ರವಿಕೆಯ ಕಾಲ

ಸೀರೆಗೆ ಈ ತೊಡಕಿರಲಿಲ್ಲ. ಐದೂವರೆ ಮೀಟರಿನ ಅದೇ ಬಟ್ಟೆಯನ್ನು ಮದುವೆಯಾಗದ ಮಗಳೂ ಉಡುತ್ತಾಳೆ, ಅಜ್ಜಿಯೂ ಉಡುತ್ತಾಳೆ. ನೆರಿಗೆ ಎರಡು ಹೆಚ್ಚು, ಎರಡು ಕಡಿಮೆ. ಹೊಲಿಗೆ ಬೇಕಿದ್ದದ್ದು ರವಿಕೆಗೆ. ಗುಳೇದಗುಡ್ಡದ ನೇಕಾರರು ಕುಪ್ಪಸಕ್ಕೆಂದೇ ಖಣ ನೇಯುತ್ತಾರೆ. ಅದನ್ನು ಹೊಲಿಯುವ ಟೈಲರಮ್ಮ ಮೊದಲು ಕೇಳುವುದು "ಅಳತೆ ರವಿಕೆ ತಂದಿದೀರಾ?" ಎಂದು. ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಕೊಟ್ಟರೆ ಮುಗಿಯಿತು. ಒಬ್ಬ ಹೆಂಗಸಿನ ಮೈ, ಅದನ್ನು ಬಲ್ಲ ಒಂದು ಕೈ: ನಡುವೆ ನಂಬರಿನ ಅಗತ್ಯವೇ ಇರಲಿಲ್ಲ.

ಹೊಲಿಯುವವರು ತೊಡುವವರನ್ನು ನೋಡಲಾಗದ ಪರಿಸ್ಥಿತಿ ಬಂದಾಗಲೇ ನಂಬರು ಬೇಕಾಯಿತು. ಅಂಥ ಪರಿಸ್ಥಿತಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸೈನ್ಯದಲ್ಲಿ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಹೊಲಿಯಬೇಕಾಗಿತ್ತು. ಅವರ ಅಳತೆಗಳನ್ನು ಒಟ್ಟುಹಾಕಿದಾಗ, ಗಂಡಸರ ಎದೆಯ ಸುತ್ತಳತೆ ಗೊತ್ತಾದರೆ ಮಿಕ್ಕ ಅಳತೆಗಳನ್ನು ಸುಮಾರಾಗಿ ಊಹಿಸಬಹುದು ಎಂಬುದು ಸ್ಪಷ್ಟವಾಯಿತು. ಗಂಡಸರ ಸಿದ್ಧ ಉಡುಪಿನ ವ್ಯಾಪಾರ ಈ ತಿಳಿವಳಿಕೆಯ ಮೇಲೆ ಬೆಳೆಯಿತು.

ಅದೇ ಯುದ್ಧದ ನಡುವೆ, 1863ರಲ್ಲಿ, ಮಸಾಚುಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೀಜರ್ ಬಟರಿಕ್ ಕಾಗದದಲ್ಲಿ ಕತ್ತರಿಸಿದ ಮಾದರಿಗಳನ್ನು ಬೇರೆಬೇರೆ ಅಳತೆಗಳಲ್ಲಿ ಮಾರತೊಡಗಿದ. ಮೊದಲು ಗಂಡಸರ ಮತ್ತು ಹುಡುಗರ ಬಟ್ಟೆ, ಕೆಲವೇ ವರ್ಷಗಳಲ್ಲಿ ಹೆಂಗಸರ ಉಡುಪು. ಅಲ್ಲಿಯವರೆಗೆ ಸಿಗುತ್ತಿದ್ದ ಒಂದೇ ಅಳತೆಯ ಮಾದರಿಯನ್ನು ತನ್ನ ಮೈಗೆ ತಕ್ಕಂತೆ ಹಿಗ್ಗಿಸುವುದು, ಕುಗ್ಗಿಸುವುದು ಮನೆಯಲ್ಲಿ ಹೊಲಿಯುವವಳ ಪಾಡಾಗಿತ್ತು.

ಅಂಚೆಯ ಮೂಲಕ ಬಟ್ಟೆ ಮಾರುವ ಕಂಪನಿಗಳು ಬೆಳೆದ ಮೇಲೆ ಕಷ್ಟ ಜೋರಾಯಿತು. ದೂರದ ಹೊಲಮನೆಯ ಹೆಂಗಸು ಕ್ಯಾಟಲಾಗ್ ನೋಡಿ ನಂಬರು ಬರೆದು ಕಳಿಸುತ್ತಾಳೆ, ಬಂದ ಬಟ್ಟೆ ಸರಿಯಾಗದೆ ವಾಪಸು ಹೋಗುತ್ತದೆ. ಗಂಡಸರ ಲೆಕ್ಕವನ್ನೇ ಹೆಂಗಸರಿಗೂ ಹಚ್ಚಿ, ಎದೆಯಳತೆ ಒಂದನ್ನು ಹಿಡಿದು ಸೊಂಟ, ನಿತಂಬ, ತೋಳುಗಳನ್ನು ಊಹಿಸುತ್ತಿದ್ದರು. ಒಂದೊಂದು ಕಂಪನಿಯ ಊಹೆ ಒಂದೊಂದು ಥರ.

ಟೇಪು ಹಿಡಿದು ಹೊರಟವರು

ಊಹೆ ಬಿಟ್ಟು ನಿಜವಾಗಿ ಅಳೆದು ನೋಡಿದ ಕೀರ್ತಿ ರೂತ್ ಓಬ್ರಯನ್ ಮತ್ತು ವಿಲಿಯಂ ಶೆಲ್ಟನ್ ಅವರಿಗೆ ಸೇರಬೇಕು. ಇಬ್ಬರೂ ಅಮೆರಿಕದ ಕೃಷಿ ಇಲಾಖೆಯಡಿ ಇದ್ದ ಗೃಹ ಅರ್ಥಶಾಸ್ತ್ರ ವಿಭಾಗದವರು. 1939 ಮತ್ತು 1940ರಲ್ಲಿ, ಸರ್ಕಾರದ ಉದ್ಯೋಗ ಯೋಜನೆಯ ನೆರವಿನಿಂದ, ಅವರ ತಂಡಗಳು ಏಳು ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಹೆಂಗಸರನ್ನು ಅಳೆದವು. ಒಬ್ಬೊಬ್ಬರ ಮೈಯಿಂದ 59 ಅಳತೆ. ಎದೆ, ಸೊಂಟ, ಎತ್ತರದ ಜೊತೆಗೆ ತೋಳಿನ ಸುತ್ತು, ಭುಜದ ಅಗಲ, ತೊಡೆಯ ಸುತ್ತು ಎಲ್ಲವೂ ಸೇರಿದ್ದವು. ಕೊನೆಗೆ 14,698 ಹೆಂಗಸರ ಅಳತೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 1941ರಲ್ಲಿ ವರದಿ ಅಚ್ಚು ಮಾಡಿಸಿದರು. ಬಟ್ಟೆಗಾಗಿ ಹೆಂಗಸರ ಮೈಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ವೈಜ್ಞಾನಿಕವಾಗಿ ಅಳೆದದ್ದು ಅದೇ ಮೊದಲು.

ವರದಿಯ ಮುಖ್ಯ ಶೋಧವನ್ನು ಇವತ್ತೂ ನೆನೆಯಬೇಕು. ಹೆಂಗಸಿನ ಎದೆಯಳತೆ ಒಂದರಿಂದ ಮಿಕ್ಕ ಅಳತೆಗಳನ್ನು ನೆಚ್ಚಿಕೊಂಡು ಹೇಳಲು ಬರುವುದಿಲ್ಲ. ಒಂದೇ ಎದೆಯಳತೆಯ ಇಬ್ಬರಲ್ಲಿ ಒಬ್ಬಳ ಸೊಂಟ ಸಣ್ಣದಿರಬಹುದು, ಇನ್ನೊಬ್ಬಳ ನಿತಂಬ ಅಗಲವಿರಬಹುದು, ಭುಜ ಕಿರಿದಿರಬಹುದು. ಎಲ್ಲಕ್ಕಿಂತ ಚೆನ್ನಾಗಿ ಮೈಯನ್ನು ತಿಳಿಸುವ ಜೋಡಿ ಎತ್ತರ ಮತ್ತು ತೂಕ ಎಂದು ಅವರ ಲೆಕ್ಕ ತೋರಿಸಿತು. ಆದರೆ ಅಂಗಡಿಗೆ ಬಂದ ಹೆಂಗಸು ತನ್ನ ತೂಕ ಹೇಳಲು ಒಪ್ಪಲಾರಳೆಂದು ಅವರೇ ಗುರುತಿಸಿದರು. ಒಳ್ಳೆಯ ಉತ್ತರ ಕೈಗೆ ಸಿಕ್ಕರೂ ವ್ಯಾಪಾರದ ದಾರಿಗೆ ಬರಲಿಲ್ಲ. ಬಟ್ಟೆಯ ಜಗತ್ತು ಎದೆಯಳತೆಯ ಸುತ್ತಲೇ ಉಳಿಯಿತು.

ಇನ್ನೊಂದು ಕೊರತೆ ಆ ಅಳತೆಯ ಒಳಗೇ ಇತ್ತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಅದೇ ಬೀದಿಗಳಲ್ಲಿ ಬದುಕುತ್ತಿದ್ದ ಕಪ್ಪು ಹೆಂಗಸರ ಮೈ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಯಾರನ್ನು ಅಳೆಯುವುದಿಲ್ಲವೋ ಅವರಿಗೆ ಬಟ್ಟೆ ಸರಿಯಾಗುವುದಿಲ್ಲ. ಈ ಕತೆಯ ಅತ್ಯಂತ ಗಂಭೀರವಾದ ಪಾಠ ಇದು.

ನಂಬರು ಸಡಿಲವಾದ ಬಗೆ

ಅಂಚೆ ವ್ಯಾಪಾರಿಗಳ ಒತ್ತಾಯದಿಂದ 1958ರಲ್ಲಿ ಅಮೆರಿಕ ಸರ್ಕಾರ ಹೆಂಗಸರ ಸಿದ್ಧ ಉಡುಪಿಗೆ ಅಳತೆಯ ಮಾನದಂಡವೊಂದನ್ನು ಹೊರಡಿಸಿತು. 8ರಿಂದ 38ರವರೆಗೆ ನಂಬರುಗಳು. ಎತ್ತರಕ್ಕೆ ಉದ್ದ, ಸಾಧಾರಣ, ಗಿಡ್ಡ ಎಂಬ ಮೂರು ಗುರುತು. ನಿತಂಬದ ಅಗಲಕ್ಕೆ ಕೂಡು ಕಳೆ ಚಿಹ್ನೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಅಷ್ಟೊಂದು ಬಗೆಯನ್ನು ಹೊಲಿದು ರ‍್ಯಾಕಿನಲ್ಲಿ ತೂಗುಹಾಕಲು ಯಾವ ಅಂಗಡಿಗೂ ಜಾಗ ಸಾಲದು. 1970ರಲ್ಲಿ ಅದನ್ನು ತಿದ್ದಿದರು. 1983ರಲ್ಲಿ ಹಿಂತೆಗೆದುಕೊಂಡರು. ಅಲ್ಲಿಂದ ಪ್ರತಿ ಕಂಪನಿಯೂ ತನಗೆ ಬೇಕಾದ ಚಾರ್ಟ್ ಮಾಡಿಕೊಂಡಿತು.

ಸಣ್ಣ ನಂಬರು ಕಂಡರೆ ಕೊಳ್ಳುವವಳಿಗೆ ಖುಷಿಯಾಗುತ್ತದೆಂದು ಕಂಪನಿಗಳಿಗೆ ಬಹಳ ಮೊದಲೇ ತಿಳಿದಿತ್ತು. ಅಂಚೆಯ ಮೂಲಕ ಬಟ್ಟೆ ಮಾರುತ್ತಿದ್ದ ಸಿಯರ್ಸ್ ಕಂಪನಿಯ 1937ರ ಕ್ಯಾಟಲಾಗಿನಲ್ಲಿ 32 ಇಂಚು ಎದೆಯಳತೆಯ ಉಡುಪಿಗೆ 14 ಎಂಬ ನಂಬರಿತ್ತು. 1967ರ ಹೊತ್ತಿಗೆ ಅದೇ 32 ಇಂಚು 8 ಆಗಿತ್ತು. ಮೈ ಬದಲಾಗದೆ ನಂಬರು ಮಾತ್ರ ಇಳಿದಿತ್ತು. ಲೇಬಲ್ ನೋಡಿ ಮನಸ್ಸು ಕುಗ್ಗಿಸಿಕೊಳ್ಳುವ ಪ್ರತಿಯೊಬ್ಬ ಹುಡುಗಿಗೂ ಈ ಒಂದು ಸಂಗತಿಯನ್ನು ನಾನು ಹೇಳಬಯಸುತ್ತೇನೆ.

ನಮ್ಮ ರ‍್ಯಾಕಿಗೆ ಬಂದದ್ದು

ನಮ್ಮಲ್ಲಿ ಚೂಡಿದಾರ್, ಆಮೇಲೆ ಕುರ್ತಿ ನಿತ್ಯದ ಉಡುಪಾದದ್ದು ಒಂದೆರಡು ತಲೆಮಾರಿನೊಳಗೆ. ಕಾಲೇಜು, ಆಫೀಸು, ಸಂತೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಹೊಲಿಸುವ ಬದಲು ಕೊಳ್ಳುವುದು ರೂಢಿಯಾಯಿತು. ಆದರೆ ಭಾರತೀಯ ಹೆಂಗಸರ ಮೈಯನ್ನು ಅಳೆದು ಮಾಡಿದ ರಾಷ್ಟ್ರೀಯ ಚಾರ್ಟ್ ಇಲ್ಲದ ಕಾಲದಲ್ಲೇ ಈ ಬದಲಾವಣೆ ನಡೆದುಹೋಯಿತು. ಹೊರದೇಶದ ಚಾರ್ಟುಗಳನ್ನು ಅಷ್ಟಿಷ್ಟು ತಿದ್ದಿಕೊಂಡೇ ಇಲ್ಲಿಯ ಬಹುಪಾಲು ವ್ಯಾಪಾರ ನಡೆಯಿತು.

ಬೆಂಗಳೂರಿನ ಮಟ್ಟಿಗೆ ಇದು ಇನ್ನೂ ಹತ್ತಿರದ ಸಂಗತಿ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಹೊರದೇಶದ ಅಳತೆಗೆ ಬಟ್ಟೆ ಹೊಲಿದುಕೊಡುತ್ತಾರೆ. ಉಳಿದ ಮಾಲು ಸರ್ಪ್ಲಸ್ ಅಂಗಡಿಗಳಿಗೆ ಬರುತ್ತದೆ. ಹೊಲಿಗೆ ಅಚ್ಚುಕಟ್ಟು, ಬೆಲೆ ಕಡಿಮೆ. ತೊಟ್ಟರೆ ಮಾತ್ರ ಎಷ್ಟೋ ಜನರಿಗೆ ತೋಳು ಉದ್ದ, ಭುಜ ಅಗಲ. ಅದನ್ನು ಹೊಲಿದವಳಿಗೇ ಅದು ಒಪ್ಪದೆ ಹೋಗಬಹುದು.

ಈ ಕೊರತೆ ತುಂಬಲು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 'ಇಂಡಿಯಾ ಸೈಜ್' ಎಂಬ ಸಮೀಕ್ಷೆಗೆ ಕೈಹಾಕಿತು. ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಶಿಲ್ಲಾಂಗ್ ಎಂಬ ಆರು ನಗರಗಳಲ್ಲಿ, 15ರಿಂದ 65 ವರ್ಷದ 25,000 ಹೆಂಗಸರು ಮತ್ತು ಗಂಡಸರನ್ನು ಅಳೆಯುವ ಗುರಿ. ಟೇಪಿನ ಬದಲು ಇಡೀ ಮೈಯನ್ನು ಮೂರು ಆಯಾಮದಲ್ಲಿ ಹಿಡಿಯುವ ಸ್ಕ್ಯಾನರ್. ದಕ್ಷಿಣದ ಮೈಯೂ ಈಶಾನ್ಯದ ಮೈಯೂ ಒಂದೇ ಪಟ್ಟಿಯಲ್ಲಿ ಬರಬೇಕೆಂಬ ಎಚ್ಚರ ಈ ನಗರಗಳ ಆಯ್ಕೆಯಲ್ಲಿ ಕಾಣುತ್ತದೆ. 1941ರ ವರದಿಯಲ್ಲಿ ಇಲ್ಲದೇ ಹೋದದ್ದು ಇದೇ.

ಅಂಗಡಿ ಸಿಗುವ ದಾರಿ

ಇಷ್ಟೆಲ್ಲ ತಿಳಿದ ಮೇಲೆ ಮೆಚ್ಚಿನ ಅಂಗಡಿಯ ಗುಟ್ಟು ಬಿಡಿಸಿಕೊಳ್ಳುತ್ತದೆ. ಬಟ್ಟೆ ತಯಾರಿಸುವವರು ಎಲ್ಲ ಸೈಜನ್ನೂ ಬಿಡಿಬಿಡಿಯಾಗಿ ರೂಪಿಸುವುದಿಲ್ಲ. ಮೊದಲು ಒಂದು ನಡುವಿನ ಸೈಜಿಗೆ ಮೂಲ ಮಾದರಿ ಕತ್ತರಿಸುತ್ತಾರೆ. ಅದನ್ನು ಒಬ್ಬ ಮಾಡೆಲಿಗೋ ಬೊಂಬೆಗೋ ತೊಡಿಸಿ ತಿದ್ದುತ್ತಾರೆ. ಆಮೇಲೆ ಸೈಜಿಗೆ ಇಂತಿಷ್ಟು ಇಂಚು ಎಂದು ಹಿಗ್ಗಿಸುತ್ತ, ಕುಗ್ಗಿಸುತ್ತ ಹೋಗುತ್ತಾರೆ. ಆ ಮೊದಲ ಮೈಯ ಭುಜ ಕಿರಿದಾಗಿದ್ದರೆ ಆ ಕಂಪನಿಯ ಎಲ್ಲ ಬಟ್ಟೆಯ ಭುಜವೂ ಕಿರಿದೇ. ದೊಡ್ಡ ಸೈಜು ತೆಗೆದುಕೊಂಡರೆ ಸೊಂಟ ದೊಗಳೆಯಾದೀತೇ ಹೊರತು ಆಕಾರ ಬದಲಾಗದು. ನಮ್ಮ ಮೈಗೆ ಹತ್ತಿರವಾದ ಮೂಲ ಮಾದರಿ ಯಾರ ಬಳಿ ಇದೆಯೋ ಅವರೇ ನಮ್ಮ ಅಂಗಡಿಯವರು.

ಹುಡುಕುವ ಕ್ರಮ ಅಳತೆ ರವಿಕೆಯದೇ. ಮನೆಯಲ್ಲಿ ಅತ್ಯಂತ ಚೆನ್ನಾಗಿ ಕೂರುವ ಕುರ್ತಿಯನ್ನು ಮಂಚದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಸೊಂಟದಲ್ಲಿ, ಕಟ್ ಶುರುವಾಗುವ ಜಾಗದಲ್ಲಿ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಅಕ್ಷರ ಬಿಟ್ಟು ಈ ಇಂಚುಗಳನ್ನು ನೋಡಿ. ಮೊದಲು ಭುಜ ಮತ್ತು ಕಂಕುಳ ಪರೀಕ್ಷಿಸಿ, ಏಕೆಂದರೆ ಅವನ್ನು ಆಮೇಲೆ ತಿದ್ದುವುದು ಕಷ್ಟ. ಪಕ್ಕದ ಹೊಲಿಗೆ, ಉದ್ದ ಸುಲಭವಾಗಿ ಆಲ್ಟರೇಷನ್ ಆಗುತ್ತವೆ. ಬಟ್ಟೆಯನ್ನು ಒಳಮಗ್ಗುಲಾಗಿಸಿ ಹೊಲಿಗೆಯಾಚೆ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆಂದು ನೋಡಿ. ಧಾರಾಳವಾಗಿ ಬಿಟ್ಟಿರುವ ಅಂಗಡಿ ನಿಮ್ಮ ಮುಂದಿನ ವರ್ಷಗಳನ್ನೂ ಯೋಚಿಸಿದೆ ಎಂದರ್ಥ. ಹತ್ತಿಯಾದರೆ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ನಿತ್ಯದ ಬಟ್ಟೆ ನಿತ್ಯದ ಕೆಲಸಕ್ಕೆ ಒದಗಬೇಕು. ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ, ರಂಗೋಲಿ ಹಾಕುವ ಹಾಗೆ ಬಗ್ಗಿ, ಕುರ್ಚಿಯಲ್ಲಿ ಕೂತು ನೋಡಿ. ಒಂದೇ ತಯಾರಕರ ಎರಡು ಉಡುಪು ಈ ಪರೀಕ್ಷೆ ದಾಟಿದರೆ ಅವರ ಮೂಲ ಮಾದರಿ ನಿಮ್ಮ ಮೈಗೆ ಒಪ್ಪಿತು. ಆ ಹೆಸರನ್ನೂ ಅಲ್ಲಿಯ ಸೈಜನ್ನೂ ಜೊತೆಯಾಗಿ ನೆನಪಿಡಿ. ಪಕ್ಕದ ಅಂಗಡಿಗೆ ಅದು ಅನ್ವಯಿಸುವುದಿಲ್ಲ.

ಈ ದಾರಿಯಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಸಣ್ಣ ಅಂಗಡಿಗಳಲ್ಲಿ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಾಲೀಕರೋ ಮಾಲೀಕರ ಮನೆಯವರೋ ಕೌಂಟರಿನಲ್ಲಿ ಕೂತಿರುತ್ತಾರೆ. ತಾವೇ ಹೊಲಿಸಿ ಮಾರುವವರಿಗೆ ನಾವು ಹೇಳಿದ್ದು ಮುಂದಿನ ಲಾಟಿನಲ್ಲೇ ಕೆಲಸಕ್ಕೆ ಬರುತ್ತದೆ. "ಅಣ್ಣಾ, ಎದೆಗೆ ಸರಿ ಇದೆ, ಕಂಕುಳು ಅರ್ಧ ಇಂಚು ಇಳಿಸಿ" ಎಂದು ಹೇಳಿದರೆ ಬರೆದುಕೊಳ್ಳುವ ಅಂಗಡಿಯವರಿದ್ದಾರೆ. ಅಂಥವರನ್ನು ಬಿಡಬೇಡಿ.

ದೊಡ್ಡ ಸಮೀಕ್ಷೆಗಳು ಬರಲಿ, ನಮ್ಮ ಚಾರ್ಟ್ ಆಗಲಿ. ಅದರ ಜೊತೆಗೆ ಹೆಂಗಸರು ಸುಮ್ಮನೆ ಬಟ್ಟೆ ಹಿಂದಿರುಗಿಸಿ ಬರುವುದನ್ನೂ ಬಿಡಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬಾಯಿಬಿಟ್ಟು ಹೇಳುವ ಪ್ರತಿ ಗಿರಾಕಿಯೂ ಅಳತೆಯ ಪಟ್ಟಿಗೆ ತನ್ನ ಮೈಯನ್ನು ಸೇರಿಸುತ್ತಿದ್ದಾಳೆ. ಬಟ್ಟೆ ಹುಟ್ಟಬೇಕಾದದ್ದು ನಮ್ಮ ಮೈಯ ಅಳತೆಗೆ. ಅದನ್ನು ಕೇಳಿ ಪಡೆಯುವ ಹಕ್ಕು ಕೊಳ್ಳುವ ಪ್ರತಿಯೊಬ್ಬಳಿಗೂ ಇದೆ.