ಹಳೆಯ ಕಾರಿಗೆ ಹೊಸ ಎಂಜಿನ್

ಬಲವಾದ ಎತ್ತುಗಳನ್ನು ಹಳೆಯ ಗಾಡಿಗೆ ಹೂಡಿದ ರೈತನಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಎತ್ತುಗಳು ಎಳೆಯಬಲ್ಲವು ನಿಜ; ಆದರೆ ನೊಗ ತಾಳಬೇಕು, ಅಚ್ಚು ತಾಳಬೇಕು, ಇಳಿಜಾರಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸಲೂ ಬರಬೇಕು. ಹಳೆಯ ಕಾರಿಗೆ ಹೊಸ ಎಂಜಿನನ್ನು ಕೂರಿಸಹೊರಟವನ ಮುಂದಿರುವ ಪ್ರಶ್ನೆಯೂ ಇದೇ. ಒಂದು ಯಂತ್ರವನ್ನು ತೆಗೆದು ಇನ್ನೊಂದನ್ನು ಇಟ್ಟರಾಯಿತು ಎಂದು ಮೇಲುನೋಟಕ್ಕೆ ತೋರಬಹುದು. ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಅದು ಇಡೀ ವಾಹನದ ಲೆಕ್ಕವನ್ನೇ ಹೊಸದಾಗಿ ಬರೆಯುವ ಕೆಲಸ. 1962ರಲ್ಲಿ ನಡೆದ ಒಂದು ಪ್ರಸಿದ್ಧ ಪ್ರಯೋಗದ ಮೂಲಕ ಇದನ್ನು ಪರಿಶೀಲಿಸೋಣ.

ಇಂಗ್ಲೆಂಡಿನ ಥೇಮ್ಸ್ ಡಿಟನ್ ಎಂಬಲ್ಲಿ ಎ.ಸಿ. ಎಂಬ ಸಣ್ಣ ಕಾರು ಕಂಪೆನಿಯೊಂದಿತ್ತು. ಅದು 1953ರಲ್ಲಿ ‘ಏಸ್’ ಎಂಬ ಹಗುರವಾದ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಎರಡು ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಒಡಲು. ಅದರ ರಚನೆ ಅಷ್ಟು ಸರಳ. 1956ರಿಂದ ಇದಕ್ಕೆ ಬ್ರಿಸ್ಟಲ್ ಕಂಪೆನಿಯ 2 ಲೀಟರಿನ, ಆರು ಸಿಲಿಂಡರುಗಳ ಎಂಜಿನನ್ನು ಅಳವಡಿಸುತ್ತಿದ್ದರು. ಈ ಎಂಜಿನ್ನಿನ ಮೂಲ 1936ರ ಬಿ.ಎಂ.ಡಬ್ಲ್ಯೂ. 328 ಕಾರಿನಲ್ಲಿತ್ತು. ಅದರ ತಯಾರಿಕೆ ನಿಲ್ಲುತ್ತಲೇ ಎ.ಸಿ. ಕಂಪೆನಿ ಇಕ್ಕಟ್ಟಿಗೆ ಸಿಲುಕಿತು: ಕಾರು ಚೆನ್ನಾಗಿತ್ತು, ಆದರೆ ಅದನ್ನು ಓಡಿಸುವ ಎಂಜಿನ್ ಇರಲಿಲ್ಲ.

ಅದೇ ಸಮಯಕ್ಕೆ ಅಮೆರಿಕದ ಕ್ಯಾರೊಲ್ ಶೆಲ್ಬಿಯ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ರಾಯ್ ಸಾಲ್ವಡೋರಿಯೊಡನೆ 1959ರ ಲ ಮಾನ್ 24 ಗಂಟೆಗಳ ಪಂದ್ಯವನ್ನು ಗೆದ್ದಿದ್ದ ಈತ ಹೃದ್ರೋಗದಿಂದಾಗಿ 1960ರಲ್ಲಿ ಪಂದ್ಯಗಳನ್ನು ಬಿಡಬೇಕಾಯಿತು. ಓಡಿಸಲಾಗದಿದ್ದರೂ ತನ್ನದೇ ಕಾರನ್ನು ಕಟ್ಟಬೇಕೆಂಬ ಹಂಬಲ ಉಳಿದಿತ್ತು. 1961ರಲ್ಲಿ ಎ.ಸಿ. ಕಂಪೆನಿಗೆ ಪತ್ರ ಬರೆದು, ಫೋರ್ಡ್ ಕಂಪೆನಿಯ ಹೊಸ ವಿ-8 ಎಂಜಿನನ್ನು ಪಡೆಯಲು ಏರ್ಪಾಡು ಮಾಡಿದ. 1962ರ ಫೆಬ್ರವರಿಯಲ್ಲಿ ಎಂಜಿನ್ ಇಲ್ಲದ ಕಾರೊಂದು ವಿಮಾನದಲ್ಲಿ ಲಾಸ್ ಏಂಜಲಿಸ್‌ಗೆ ಬಂದಿಳಿಯಿತು. ಕೆಲವೇ ಗಂಟೆಗಳಲ್ಲಿ ಅದಕ್ಕೆ 4.2 ಲೀಟರಿನ ಎಂಜಿನನ್ನು ಕೂರಿಸಿದರು. ‘ಕೋಬ್ರಾ’ ಹುಟ್ಟಿದ್ದು ಹೀಗೆ.

ಎರಡು ಪಟ್ಟಿಗಿಂತ ದೊಡ್ಡ ಎಂಜಿನ್ ಅದೇ ಜಾಗದಲ್ಲಿ ಹಿಡಿಸಿದುದು ಹೇಗೆ? ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿರದೆ, ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ‘ವಿ’ ಅಕ್ಷರದ ಆಕಾರದಲ್ಲಿ ನಿಂತಿರುವುದರಿಂದ ಎಂಜಿನ್ನಿನ ಉದ್ದ ಕಡಮೆ. ಇನ್ನು ತೂಕದ ವಿಚಾರ. ಎರಕ ಹೊಯ್ಯುವಾಗ ಅಚ್ಚಿನೊಳಗಿನ ಮರಳಿನ ತಿರುಳು ಅತ್ತಿತ್ತ ಸರಿಯುವ ಭಯದಿಂದ ಹಿಂದೆ ಕಬ್ಬಿಣದ ಗೋಡೆಗಳನ್ನು ಅಗತ್ಯಕ್ಕಿಂತ ದಪ್ಪವಾಗಿಯೇ ಇಡುತ್ತಿದ್ದರು. ತಿರುಳನ್ನು ನಿಖರವಾಗಿ ನಿಲ್ಲಿಸುವ ವಿಧಾನ ಕೈಗೂಡಿದ ಮೇಲೆ ತೆಳುಗೋಡೆಯ ಎರಕ ಸಾಧ್ಯವಾಯಿತು. ಆದುದರಿಂದ ಹೊಸ ಎಂಜಿನ್ ಕೂರಿಸಿದಾಗ ಕಾರಿನ ತೂಕ ಸ್ವಲ್ಪವೇ ಹೆಚ್ಚಿತು. ಇದು ಸಣ್ಣ ಸಂಗತಿಯಲ್ಲ. ಮುಂಭಾಗ ಬಹಳ ಭಾರವಾದರೆ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳ ಹೊರೆ ಹೆಚ್ಚಿ, ಕಾರು ಚಾಲಕನ ಇಚ್ಛೆಗೆ ಬಾಗದೆ ಹೊರಕ್ಕೆ ಜಾರುತ್ತದೆ.

ಈಗ ವೇಗದ ಲೆಕ್ಕಕ್ಕೆ ಬರೋಣ. ಹಳೆಯ ಎಂಜಿನ್ನಿನ ಸಾಮರ್ಥ್ಯ ಸುಮಾರು 125 ಅಶ್ವಶಕ್ತಿ, ಹೊಸದರದು 260. ಹಾಗಾದರೆ ವೇಗವೂ ಇಮ್ಮಡಿಯಾಯಿತೆ? ಇಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎರಡರ ಘನಮೂಲ 1.26. ಎಂದರೆ ಸಾಮರ್ಥ್ಯ ಇಮ್ಮಡಿಯಾದರೂ ಗರಿಷ್ಠ ವೇಗ ಹೆಚ್ಚುವುದು ಕಾಲುಭಾಗದಷ್ಟು ಮಾತ್ರ. ಹೆಚ್ಚಿನ ಸಾಮರ್ಥ್ಯದ ನಿಜವಾದ ಫಲ ಕಾಣುವುದು ವೇಗೋತ್ಕರ್ಷದಲ್ಲಿ.

ಆದರೆ ಈ ಕಾಲುಭಾಗವೂ ಪುಕ್ಕಟೆಯಾಗಿ ಬರುವುದಿಲ್ಲ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸುಮಾರು 1.6 ಪಟ್ಟಾಗುತ್ತದೆ. ಕಾರನ್ನು ನಿಲ್ಲಿಸುವಾಗ ಈ ಶಕ್ತಿಯ ಬಹುಭಾಗ ಬ್ರೇಕುಗಳಲ್ಲಿ ಉಷ್ಣವಾಗಬೇಕು. ಹಳೆಯ ಬ್ರೇಕು ಅತಿಯಾಗಿ ಕಾದರೆ ಅದರ ಹಿಡಿತ ಸಡಿಲವಾಗುತ್ತದೆ. ಆಗ ಅಪಾಯಕ್ಕೊಳಗಾಗುವುದು ಯಂತ್ರವಲ್ಲ, ಮನುಷ್ಯನ ಪ್ರಾಣ. ಕೋಬ್ರಾದ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳನ್ನು ಇಟ್ಟುದು ಸುಮ್ಮನೆ ಅಲ್ಲ.

ಎಂಜಿನ್ನಿನ ತಿರುಚುಬಲದ ಕಥೆಯೂ ಹೀಗೆಯೇ. ಹೊಸ ಎಂಜಿನ್ನಿನ ಗರಿಷ್ಠ ತಿರುಚುಬಲ ಸುಮಾರು 365 ನ್ಯೂಟನ್-ಮೀಟರ್. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 37 ಕಿಲೋಗ್ರಾಂ ತೂಗುಹಾಕಿದಷ್ಟು. ಮೊದಲನೆಯ ಗಿಯರ್‌ನಲ್ಲಿ ಇದು ಸುಮಾರು ಎಂಟು ಪಟ್ಟಾಗಿ ಹಿಂದಿನ ಅಚ್ಚನ್ನು ತಲಪುತ್ತದೆ; ಅದೇ ತುದಿಯಲ್ಲಿ ಈಗ ಸುಮಾರು 300 ಕಿಲೋಗ್ರಾಂ! ಹಳೆಯ ಡಿಫರೆನ್ಷಿಯಲ್ಲಿಗೆ ಇದು ಮೀರಿದ ಹೊರೆ. ಆದುದರಿಂದ ಅದರ ಸ್ಥಾನಕ್ಕೆ ಸಾಲ್ಸ್‌ಬರಿ ಕಂಪೆನಿಯ ಗಟ್ಟಿಯಾದ ಡಿಫರೆನ್ಷಿಯಲ್ ಬಂದಿತು.

ಉಷ್ಣವನ್ನು ಮರೆಯುವಂತಿಲ್ಲ. 260 ಅಶ್ವಶಕ್ತಿಯೆಂದರೆ ಸುಮಾರು 194 ಕಿಲೋವಾಟ್. ಅದರ ಅರ್ಧದಷ್ಟು ಉಷ್ಣ ತಂಪುನೀರಿಗೆ ಸೇರಿತೆಂದುಕೊಂಡರೂ, ನೀರು ಕಾಯಿಸುವ 2 ಕಿಲೋವಾಟಿನ 48 ಹೀಟರುಗಳ ಉಷ್ಣವನ್ನು ರೇಡಿಯೇಟರು ಎಡೆಬಿಡದೆ ಗಾಳಿಗೆ ಚೆಲ್ಲಬೇಕು.

ಕೊನೆಯದು ಚೌಕಟ್ಟು. ಮುಂದೆ 7 ಲೀಟರಿನ ಎಂಜಿನನ್ನು ಕೂರಿಸಿದಾಗ ಹಳೆಯ ಚೌಕಟ್ಟಿನಿಂದ ಕೆಲಸ ಸಾಗದಾಯಿತು. 1965ರ ಮಾದರಿಯಲ್ಲಿ ಮುಖ್ಯ ಕೊಳವೆಗಳ ವ್ಯಾಸವನ್ನು 3 ಅಂಗುಲದಿಂದ 4 ಅಂಗುಲಕ್ಕೆ ಏರಿಸಿ, ಪಟ್ಟಿ ಸ್ಪ್ರಿಂಗುಗಳ ಬದಲು ಸುರುಳಿ ಸ್ಪ್ರಿಂಗುಗಳನ್ನು ಇಟ್ಟರು. ಒಂದೇ ಅಂಗುಲದಿಂದ ಏನಾದೀತು ಎನ್ನಬೇಡಿ. ಗೋಡೆಯ ದಪ್ಪ ಒಂದೇ ಆಗಿದ್ದರೆ, ತೆಳುಕೊಳವೆ ತಿರುಚನ್ನು ತಡೆಯುವ ಗುಣ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಮೂರರ ಘನ 27, ನಾಲ್ಕರದು 64; ಬಿಗಿತ 2.4 ಪಟ್ಟು!

ಕೋಬ್ರಾ ಕಾರುಗಳು 1964ರಲ್ಲಿ ಲ ಮಾನ್ ಪಂದ್ಯದ ಜಿ.ಟಿ. ವರ್ಗವನ್ನು ಗೆದ್ದವು. ಕೀರ್ತಿ ಎಂಜಿನ್ನಿಗೆ ಸಂದಿತು. ಆದರೆ ಆ ಎಂಜಿನನ್ನು ತಾಳಿಕೊಂಡ ಅಚ್ಚು, ಬ್ರೇಕು, ರೇಡಿಯೇಟರುಗಳಿಗೂ ಅದರಲ್ಲಿ ಪಾಲಿದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಕಾಲು ಉದ್ದವಾದ ಮೇಲೆ ಹಾಸಿಗೆಯನ್ನೂ ಉದ್ದ ಮಾಡಬೇಕೆಂಬುದು ಎಂಜಿನ್ ಬದಲಾಯಿಸುವವನು ಕಲಿಯಬೇಕಾದ ಪಾಠ.