ಕೀಬೋರ್ಡ್ ಕೆಳಗಿನ ಚೀಟಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ಹೊಸನಗರದ ನಮ್ಮ ಮನೆಗೆ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಫೋನು. ‘ನೀನು ಕಂಪ್ಯೂಟರ್ ಓದೋನಲ್ವ, ಒಂದ್ಸಲ ಬಂದು ಹೋಗು ಮಾರಾಯ’ ಎಂದಳು. ದನಿ ನಡುಗುತ್ತಿತ್ತು.

ಮಳೆಗಾಲಕ್ಕೆ ಮೊದಲು ಮನೆಯ ಮಾಡು ರಿಪೇರಿಗೆಂದು ಅವಳು ತನ್ನ ಸರವನ್ನು ಅಲ್ಲಿನ ಒಂದು ಸೊಸೈಟಿಯಲ್ಲಿ ಅಡವಿಟ್ಟು 40 ಸಾವಿರ ಸಾಲ ಪಡೆದಿದ್ದಳು. ಅಡಿಕೆ ಮಾರಿದ ದುಡ್ಡು ಹಿಡಿದು ಬಿಡಿಸಿಕೊಳ್ಳಲು ಹೋದರೆ ಕಂಪ್ಯೂಟರಿನಲ್ಲಿ ಸಾಲ 95 ಸಾವಿರ! ‘ನೀವೇ ಹೆಚ್ಚುವರಿ ಸಾಲ ತಗೊಂಡಿದ್ದೀರಿ, ಮರೆತಿರಬೇಕು’ ಎಂದರಂತೆ. ಅರವತ್ತು ದಾಟಿದವರಿಗೆ ಮರೆವು ಎಂದು ಹೇಳಿಬಿಡುವುದು ಬಹಳ ಸುಲಭ.

ಮೂರು ಸಲ ಅಲೆದ ಮೇಲೆ ಸೊಸೈಟಿಯವರು ಸಾಫ್ಟ್‌ವೇರಿನ ಲಾಗ್ ತೆಗೆದು ತೋರಿಸಿದರು. ಸಂಜೆ 6.25ಕ್ಕೆ ಚಿಕ್ಕಮ್ಮನ ಖಾತೆಯ ಮೊಬೈಲ್ ನಂಬರ್ ಬದಲಾಗಿದೆ. 6.40ಕ್ಕೆ ಹೆಚ್ಚುವರಿ ಸಾಲದ ಎಂಟ್ರಿ. ಎರಡೇ ನಿಮಿಷದಲ್ಲಿ ಮ್ಯಾನೇಜರರ ಐಡಿಯಿಂದ ಮಂಜೂರಾತಿ. ಆದರೆ ಆ ದಿನ ಮ್ಯಾನೇಜರು ರಜೆಯಲ್ಲಿದ್ದರು! ‘ನಾನಿಲ್ಲ ಅಂತ ಕೆಲಸ ನಿಲ್ಲಬಾರದಲ್ಲ, ಪಾಸ್‌ವರ್ಡ್ ಬರೆದಿಟ್ಟಿದ್ದೆ’ ಎಂದರು ಪಾಪ. ಚೀಟಿ ಕೀಬೋರ್ಡಿನ ಕೆಳಗೇ ಇತ್ತು. ಎಸ್ಸೆಮ್ಮೆಸ್ ಬೇರೆ ಯಾರದೋ ಫೋನಿಗೆ ಹೋಗಿದ್ದರಿಂದ ಚಿಕ್ಕಮ್ಮನಿಗೆ ಸುಳಿವೇ ಸಿಕ್ಕಿರಲಿಲ್ಲ.

ತರಗತಿಯಲ್ಲಿ ನಾವು ‘ಮೇಕರ್-ಚೆಕರ್’ ಎಂದು ಎರಡು ಸಾಲು ಬರೆದು ಐದು ಅಂಕ ತೆಗೆಯುತ್ತೇವೆ. ಒಬ್ಬ ನಮೂದಿಸಬೇಕು, ಇನ್ನೊಬ್ಬ ಒಪ್ಪಬೇಕು, ಇಬ್ಬರೂ ಒಂದೇ ಆಗಬಾರದು, ಅಷ್ಟೇ. ಆ ಸೊಸೈಟಿಯ ಸಾಫ್ಟ್‌ವೇರಿನಲ್ಲಿ ಈ ವ್ಯವಸ್ಥೆ ಇತ್ತು. ಒಂದು ಚೀಟಿ ಅದನ್ನು ಇಲ್ಲವಾಗಿಸಿತು.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಶಿವಮೊಗ್ಗ ಡಿಸಿಸಿ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಬಂಗಾರ ಅಡವಿಟ್ಟು 60 ಕೋಟಿಗೂ ಮಿಕ್ಕಿ ಸಾಲ ಎತ್ತಿದ ಹಗರಣ 2014ರಲ್ಲಿ ಹೊರಬಿತ್ತು. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ದೊಡ್ಡವರು ಜಗಲಿಯಲ್ಲಿ ಪೇಪರ್ ಹಿಡಿದು ಮಾತಾಡುತ್ತಿದ್ದುದು ಮಸುಕಾಗಿ ನೆನಪಿದೆ. ಇನ್ನು 2018ರ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣ. ವಿದೇಶಿ ಬ್ಯಾಂಕುಗಳಿಗೆ ಖಾತರಿ ಕೊಡುವ ಸ್ವಿಫ್ಟ್ ಸಂದೇಶ ವ್ಯವಸ್ಥೆಯನ್ನು ಕೋರ್ ಬ್ಯಾಂಕಿಂಗ್‌ಗೆ ಜೋಡಿಸಿರಲಿಲ್ಲ. ಸಂದೇಶ ಹೋಗುತ್ತಿತ್ತು, ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಅದು ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದು ಮೊತ್ತ 13 ಸಾವಿರ ಕೋಟಿ ದಾಟಿತು. ನಂತರ ರಿಸರ್ವ್ ಬ್ಯಾಂಕ್ ಎರಡನ್ನೂ ಜೋಡಿಸಲು ಗಡುವು ಕೊಟ್ಟಿತು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೂ ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ನಮ್ಮಂಥವರಿಗೆ ಇದರಲ್ಲಿ ಕೆಲಸವೂ ಇದೆ. ಐಟಿ ಆಡಿಟ್ ಎಂಬ ಹಾದಿ ಕೋಡಿಂಗ್ ಒಂದನ್ನೇ ಜಪಿಸುವ ನಮ್ಮ ಕ್ಲಾಸಿನಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ‘ಸಿಸಾ’ ಪರೀಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು; ಪ್ರಮಾಣಪತ್ರಕ್ಕೆ ಮಾತ್ರ ಕೆಲಸದ ಅನುಭವ ಬೇಕು.

ಚಿಕ್ಕಮ್ಮನ ಸರ ಎರಡು ತಿಂಗಳ ನಂತರ ಕೈಸೇರಿತು, ಹೆಚ್ಚುವರಿ ಮೊತ್ತವನ್ನು ಸೊಸೈಟಿಯೇ ಹೊತ್ತುಕೊಂಡಿತು. ಎಂಟ್ರಿ ಮಾಡಿದ ಹುಡುಗ ನನಗಿಂತ ನಾಲ್ಕೇ ವರ್ಷ ದೊಡ್ಡವನು, ಈಗ ಕೆಲಸದಲ್ಲಿಲ್ಲ. ಅವನ ಮೇಲೆ ಸಿಟ್ಟಿದೆ. ಆದರೆ ದಿನಾ ಕೈಗೆಟಕುವಂತೆ ಆ ಚೀಟಿ ಇಟ್ಟವರ ಮೇಲೂ ಇದೆ.

ಇಷ್ಟೆಲ್ಲ ಆದ ಮೇಲೆ ಸಾಗರದಲ್ಲಿರುವ ಮಾವನ ಅಡಿಕೆ ಮಂಡಿ ನೆನಪಾಯಿತು. ಹೋಗಿ ನೋಡಿದರೆ ಅಲ್ಲೂ ಅದೇ ಕಥೆ. ತೂಕ ಬರೆಯುವುದು, ದರ ಹಾಕುವುದು, ಪಟ್ಟಿ ತೆಗೆಯುವುದು, ರೈತರ ಖಾತೆಗೆ ದುಡ್ಡು ಕಳಿಸುವುದು, ಎಲ್ಲ ಒಬ್ಬರೇ ರೈಟರು, ಒಂದೇ ಲಾಗಿನ್. ಬೇರೆ ಬೇರೆ ಮಾಡೋಣ ಎಂದೆ. ಮಾವ ರೇಗಿದ. ‘ಮೂವತ್ತು ವರ್ಷದಿಂದ ಇದ್ದಾರೆ. ಅವರ ಮೇಲೆ ಅನುಮಾನ ಪಡೋದನ್ನಾ ನಿಂಗೆ ಕಾಲೇಜಲ್ಲಿ ಕಲಿಸಿದ್ದು?’

ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡಕ ಒರೆಸುತ್ತಿದ್ದ ರೈಟರೇ ಬಾಯಿಬಿಟ್ಟರು.

‘ಮಾಡ್ಲಿ ಬಿಡಿ ಯಜಮಾನ್ರೆ. ನಾಳೆ ಒಂದು ಚೀಲದ ಲೆಕ್ಕ ತಪ್ಪಿದ್ರೆ ಎಲ್ರೂ ನನ್ನ ಮುಖಾನೇ ನೋಡ್ತಾರೆ. ನಾನಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನಿದೆ?’

ಅವತ್ತು ಸಂಜೆಯೇ ಮೂರು ಲಾಗಿನ್ ಮಾಡಿಕೊಟ್ಟೆ. ಹಣ ಕಳಿಸುವುದಕ್ಕೆ ಮಾವನ ಫೋನಿನ ಒಟಿಪಿ ಬೇಕು. ಪಾಸ್‌ವರ್ಡ್ ಹಾಕುವಾಗ ರೈಟರು ನನ್ನನ್ನು, ‘ಅಪ್ಪಿ, ನೀನೂ ಸ್ವಲ್ಪ ಆ ಕಡೆ ತಿರುಗು’ ಎಂದರು.